ಬೂಷ್ಟು ಹಿಡಿದ ಕ್ಯಾಸೆಟ್: ಒಬ್ಬ ಹೊಸ ಬರಹಗಾರರಿಗೆ ಉತ್ತರ

ಪ್ರಿಯರೇ, ನಮಸ್ಕಾರ.

ಹೊಸನಗರದಿಂದ ನೀವು ಕಳಿಸಿದ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಅಮೆರಿಕದ ರಾಕ್ ತಂಡ ನಿರ್ವಾಣದ ‘ನೆವರ್‌ಮೈಂಡ್’ ಆಲ್ಬಮ್ ಬಗ್ಗೆ ನೀವು ಇಷ್ಟು ಪ್ರೀತಿಯಿಂದ ಬರೆದಿರುವಾಗ ಅದನ್ನು ಕೇಳದೆ ಅಭಿಪ್ರಾಯ ಹೇಳುವುದು ಸರಿಯಲ್ಲ ಅನ್ನಿಸಿತು. ನಾನು ತಾಳಮದ್ದಲೆ, ಭಾವಗೀತೆ ಕೇಳಿ ಬೆಳೆದವನು. ಮೊದಲ ಸಲ ಕೇಳಿದಾಗ ತಲೆ ಚಿಟ್ಟು ಹಿಡಿಯಿತು. ಮೂರನೆಯ ಸಲಕ್ಕೆ ಕೊನೆಯ ಹಾಡು ಯಾವಾಗ ಬರುತ್ತದೆಂದು ಕಾಯುವ ಹಾಗಾಯಿತು. ನನ್ನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋದದ್ದು ನಿಮ್ಮ ಲೇಖನವೇ.

ಆದರೂ ಈ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಂಟು ಪುಟಗಳಲ್ಲಿ ಆರು ಪುಟ ನೀವು ಓದಿದ್ದು. ಕೇಳಿದ್ದು ಎಲ್ಲೋ ಅರ್ಧ ಪುಟ ಇರಬಹುದು. ‘ಸಂಗೀತ ಲೋಕದಲ್ಲಿ ಸಂಚಲನ ಮೂಡಿಸಿತು’, ‘ಯುವಜನರ ಎದೆಬಡಿತವಾಯಿತು’, ‘ಇತಿಹಾಸ ನಿರ್ಮಿಸಿತು’ ಎಂಬ ಮಾತುಗಳಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾ ಹೋದೆ. ಹನ್ನೊಂದು ಕಡೆ ಸಿಕ್ಕವು. ಇವನ್ನು ಯಾವ ಆಲ್ಬಮ್ಮಿಗೆ ಅಂಟಿಸಿದರೂ ಅಂಟುತ್ತವೆ, ಕ್ರಿಕೆಟ್ ತಂಡಕ್ಕೂ ಅಂಟುತ್ತವೆ. ಪತ್ರಿಕೆ ಓದಿ ಓದಿ ಇವು ನಮ್ಮೆಲ್ಲರ ಕೈಗೆ ತಾವಾಗಿಯೇ ಬಂದುಬಿಡುತ್ತವೆ, ನನಗೂ ಬರುತ್ತವೆ. ಬರೆದಾದ ಮೇಲೆ ಕೂತು ಕಿತ್ತುಹಾಕಬೇಕು, ಕಳೆ ಕಿತ್ತ ಹಾಗೆ.

ಮಾಹಿತಿಯ ತಪ್ಪುಗಳೂ ಇವೆ. ಇದು ತಂಡದ ಮೊದಲ ಆಲ್ಬಮ್ ಅಲ್ಲ. ಮೊದಲನೆಯದು 1989ರ ‘ಬ್ಲೀಚ್’. ಸಿಯಾಟಲ್‌ನ ಸಬ್ ಪಾಪ್ ಎಂಬ ಸಣ್ಣ ಕಂಪನಿಗಾಗಿ ಆರುನೂರು ಡಾಲರಿಗಿಂತ ಸ್ವಲ್ಪವೇ ಹೆಚ್ಚು ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿದ್ದು. ಡ್ರಮ್ಮರ್ ಡೇವ್ ಗ್ರೋಲ್ ಆಗಿನ್ನೂ ತಂಡದಲ್ಲಿ ಇರಲಿಲ್ಲ, ಅವರು ಬಂದದ್ದು 1990ರಲ್ಲಿ. ‘ಬಿಡುಗಡೆಯಾದ ದಿನವೇ ನಂಬರ್ ಒನ್’ ಎಂದು ಬರೆದಿದ್ದೀರಿ. ‘ನೆವರ್‌ಮೈಂಡ್’ ಬಿಡುಗಡೆಯಾದದ್ದು 1991ರ ಸೆಪ್ಟೆಂಬರ್ 24ಕ್ಕೆ. ಅಮೆರಿಕದ ಅಂಗಡಿಗಳಿಗೆ ಇದನ್ನು ಹೊರತಂದ ಡಿಜಿಸಿ ಕಂಪನಿ ಮೊದಲು ಕಳಿಸಿದ್ದು ಸುಮಾರು 46 ಸಾವಿರ ಪ್ರತಿ. ಅಮೆರಿಕದಲ್ಲಿ ಆಲ್ಬಮ್‌ಗಳ ಜನಪ್ರಿಯತೆ ಅಳೆಯುವ ಬಿಲ್‌ಬೋರ್ಡ್ ಪಟ್ಟಿಗೆ ಅದು ಕಾಲಿಟ್ಟದ್ದು 144ನೆಯ ಸ್ಥಾನದಲ್ಲಿ. ಮೈಕಲ್ ಜಾಕ್ಸನ್ನರ ‘ಡೇಂಜರಸ್’ ಅನ್ನು ಕೆಳಗಿಳಿಸಿ ಮೇಲೆ ಕೂತದ್ದು 1992ರ ಜನವರಿಯಲ್ಲಿ. ಕಂಪನಿಯೇ ನಿರೀಕ್ಷಿಸದೆ ಇದ್ದದ್ದು ಮೂರು ತಿಂಗಳು ಹತ್ತಿ ಹತ್ತಿ ಮೇಲೆ ಬಂತಲ್ಲ, ಈ ಆಲ್ಬಮ್ಮಿನ ಕಥೆ ಇರುವುದು ಆ ಏರಿಕೆಯಲ್ಲಿ. ನೀವು ಒಂದೇ ದಿನದಲ್ಲಿ ಗೆಲ್ಲಿಸಿ ಅದನ್ನೇ ಕಳೆದುಕೊಂಡಿರಿ.

‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಎಂಬ ಹಾಡಿನ ಹೆಸರನ್ನು ‘ಯೌವನದ ಚೈತನ್ಯದ ಗಂಧ’ ಎಂದು ಕನ್ನಡಿಸಿ ಅದರ ಮೇಲೆ ಒಂದೂವರೆ ಪುಟ ಚಿಂತನೆ ಮಾಡಿದ್ದೀರಿ. ಟೀನ್ ಸ್ಪಿರಿಟ್ ಎನ್ನುವುದು ಹುಡುಗಿಯರಿಗಾಗಿ ಮಾರುತ್ತಿದ್ದ ಒಂದು ಡಿಯೋಡರೆಂಟ್. ಗಾಯಕಿ ಕ್ಯಾಥ್ಲೀನ್ ಹ್ಯಾನಾ ತಮಾಷೆಗೆ ತಂಡದ ಗಾಯಕ ಕರ್ಟ್ ಕೊಬೈನ್ ಕೋಣೆಯ ಗೋಡೆಯ ಮೇಲೆ ‘ಕರ್ಟ್‌ಗೆ ಟೀನ್ ಸ್ಪಿರಿಟ್ ವಾಸನೆ’ ಎಂದು ಬರೆದಿದ್ದರು. ಅದು ಡಿಯೋಡರೆಂಟಿನ ಹೆಸರೆಂದು ಕೊಬೈನ್‌ಗೆ ತಿಳಿದದ್ದು ಹಾಡು ಹೊರಬಂದ ಮೇಲೆ. ಒಂದೂವರೆ ಪುಟ ಹೋಯಿತೆಂದು ಬೇಸರ ಬೇಡ, ಈ ಸಂಗತಿ ನಿಮ್ಮ ಚಿಂತನೆಗಿಂತ ರುಚಿಯಾಗಿದೆ. ಸಾಹಿತ್ಯವನ್ನು ಸಾಲು ಸಾಲಾಗಿ ಅರ್ಥ ಬಿಡಿಸುವುದನ್ನೂ ಬಿಡಿ. ಹಾಡಲು ನಿಲ್ಲುವುದಕ್ಕೆ ಕೆಲವೇ ನಿಮಿಷ ಮುಂಚೆ ಕೊಬೈನ್ ಸಾಲುಗಳನ್ನು ಬರೆಯುತ್ತಿದ್ದರೆಂದು ಗ್ರೋಲ್ ಅವರೇ ಹೇಳಿದ್ದಾರೆ. ಅಲ್ಲಿ ಮಾತಿಗಿಂತ ಗಂಟಲಿಗೇ ಕೆಲಸ ಹೆಚ್ಚು.

ಚಂಡೆಯ ಹೋಲಿಕೆ ನನಗೆ ತುಂಬಾ ಹಿಡಿಸಿತು. ‘ಗ್ರೋಲ್ ಡ್ರಮ್ಮು ಬಡಗುತಿಟ್ಟಿನ ಚಂಡೆಯ ಹಾಗೆ’ ಎಂದಿದ್ದೀರಿ. ಈ ಸಾಲು ನಿಮ್ಮದೇ. ಆದರೆ ಅರ್ಧಕ್ಕೆ ಬಿಟ್ಟಿದ್ದೀರಿ. ಬರೀ ಜೋರಿಗೆ ಚಂಡೆ ಎನ್ನುವುದಾದರೆ ಪಟಾಕಿಯೂ ಚಂಡೆಯೇ. ಯಕ್ಷಗಾನದ ಆಟ ನೋಡಿದವರು ನೀವು, ನೆನಪು ಮಾಡಿಕೊಳ್ಳಿ. ಭಾಗವತರು ಕರುಣರಸದ ಪದ್ಯ ಹೇಳುವಾಗ ಮದ್ದಲೆ ಮಾತ್ರ ಇರುತ್ತದೆ. ಚಂಡೆಯವರು ಕೋಲು ಹಿಡಿದು ಸುಮ್ಮನೆ ಕೂತಿರುತ್ತಾರೆ. ವೀರವೇಷದ ಪ್ರವೇಶಕ್ಕೆ ಚಂಡೆ ಬಿದ್ದಾಗ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತವೆ. ಈ ಆಲ್ಬಮ್ಮಿನ ಎಷ್ಟೋ ಹಾಡುಗಳು ಹೀಗೇ ನಡೆಯುತ್ತವೆ: ಚರಣ ತಗ್ಗಿನಲ್ಲಿ, ಪಲ್ಲವಿ ಸ್ಫೋಟದಲ್ಲಿ. ಪಿಕ್ಸೀಸ್ ಎಂಬ ತಂಡದಿಂದ ಇದನ್ನು ಕದಿಯಲು ನೋಡಿದೆ ಎಂದು ಕೊಬೈನ್ ಬಾಯಿಬಿಟ್ಟು ಒಪ್ಪಿಕೊಂಡಿದ್ದರು. ಚಂಡೆ ಸುಮ್ಮನಿದ್ದ ಆ ಹೊತ್ತನ್ನೂ ಹೋಲಿಕೆಯೊಳಗೆ ತನ್ನಿ, ಆಗ ರಾಕ್ ಸಂಗೀತವನ್ನೇ ಕೇಳದ ಸಾಗರದ ಓದುಗರಿಗೂ ಇದು ಕಿವಿಯಲ್ಲಿ ಕೇಳಿಸುತ್ತದೆ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ವಾಕ್ಯಕ್ಕೆ ಬರುತ್ತೇನೆ. ಐದನೆಯ ಪುಟದ ಕೆಳಗೆ, ಯಾವುದೋ ಪ್ರಶಸ್ತಿಯ ವಿವರದ ನಡುವೆ ಹೀಗಿದೆ: ‘ಚಿಕ್ಕಪ್ಪ ಬೆಂಗಳೂರಿನಿಂದ ತಂದಿದ್ದ ಕ್ಯಾಸೆಟ್ಟಿಗೆ ಆ ಮಳೆಗಾಲ ಬೂಷ್ಟು ಹಿಡಿದು, ಕೊನೆಯ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ.’ ಅಷ್ಟೇ ಹೇಳಿ ಮತ್ತೆ ಪ್ರಶಸ್ತಿಗೆ ಹೋಗಿಬಿಟ್ಟಿರಿ. ನಾನು ಅಲ್ಲೇ ಉಳಿದೆ.

ಆ ಕೊನೆಯ ಹಾಡು ‘ಸಮ್‌ಥಿಂಗ್ ಇನ್ ದ ವೇ’. ಅದು ಹುಟ್ಟಿದ ಬಗೆ ನಿಮಗೆ ಗೊತ್ತೇ? ಕ್ಯಾಲಿಫೋರ್ನಿಯಾದ ಸೌಂಡ್ ಸಿಟಿ ಸ್ಟುಡಿಯೋ. ತಂಡ ಸೇರಿ ನುಡಿಸಿ ನೋಡಿದರೂ ಹಾಡು ಕೂಡಿಬರಲಿಲ್ಲ. ಕೊಬೈನ್ ಕಂಟ್ರೋಲ್ ರೂಮಿಗೆ ಬಂದು ಸೋಫಾದ ಮೇಲೆ ಮಲಗಿ, ಹೀಗಿರಬೇಕು ಎಂದು ಪಿಸುಗುಟ್ಟುತ್ತಾ ಹಾಡಿ ತೋರಿಸಿದರು. ನಿರ್ಮಾಪಕ ಬುಚ್ ವಿಗ್ ಫ್ಯಾನ್ ಆರಿಸಿದರು, ಫೋನಿನ ತಂತಿ ಕಿತ್ತರು, ಸೋಫಾದ ಬಳಿಗೇ ಮೈಕು ತಂದು ಅಲ್ಲೇ ಮುದ್ರಿಸಿಕೊಂಡರು. ಗಿಟಾರಿನ ಶ್ರುತಿಯೂ ಸರಿಯಿರಲಿಲ್ಲ. ಆಮೇಲೆ ಅದರ ಜೊತೆಗೆ ಚೆಲ್ಲೋ ಎಂಬ ದೊಡ್ಡ ಪಿಟೀಲಿನಂಥ ವಾದ್ಯ ನುಡಿಸಿದ ಕರ್ಕ್ ಕ್ಯಾನಿಂಗ್ ಆ ಶ್ರುತಿಗೆ ಹೊಂದಿಸಿಕೊಳ್ಳಲು ಪಾಡುಪಟ್ಟರು. ಅಷ್ಟು ಗಟ್ಟಿಯಾಗಿ ಬಾರಿಸುವ ಗ್ರೋಲ್ ಇಲ್ಲಿ ಕೈ ಬಿಗಿಹಿಡಿದು ಮೆಲ್ಲಗೆ ಬಾರಿಸಬೇಕಾಯಿತು.

ಫ್ಯಾನಿನ ಗಾಳಿಯ ಸದ್ದೂ ಬೇಡವೆಂದು ಮುದ್ರಿಸಿದ ಹಾಡು ಅದು. ಅದನ್ನು ನೀವು ಕೇಳಿದ್ದು ಹೊಸನಗರದ ಆಶ್ಲೇಷಾ ಮಳೆಯಲ್ಲಿ, ಹಂಚಿನ ಮಾಡಿನ ಕೆಳಗೆ, ಬೂಷ್ಟು ಹಿಡಿದ ಟೇಪಿನಲ್ಲಿ. ಏನು ಕೇಳಿಸಿತು? ಪಿಸುಮಾತು ಎಲ್ಲಿ ಮುಗಿದು ಮಳೆ ಎಲ್ಲಿ ಶುರುವಾಗುತ್ತಿತ್ತು? ಚೆಲ್ಲೋ ಕೇಳಿಸುತ್ತಿತ್ತೇ, ಅಥವಾ ಎಷ್ಟೋ ವರ್ಷದ ಮೇಲೆ ಮೊಬೈಲಿನಲ್ಲಿ ಕೇಳಿದಾಗ ‘ಓ, ಇದರಲ್ಲಿ ಇದೂ ಇತ್ತಾ’ ಅನ್ನಿಸಿತೇ? ಬೂಷ್ಟು ಒರೆಸಿದ್ದು ಯಾರು, ಯಾವುದರಿಂದ? ನಮ್ಮ ಮನೆಯಲ್ಲಿ ಕ್ಯಾಸೆಟ್ಟುಗಳನ್ನು ಅಡಿಕೆ, ಮೆಣಸಿನ ಜೊತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಮಳೆಗಾಲ ಕಳೆಯುವ ಹೊತ್ತಿಗೆ ಅವೆಲ್ಲ ಹೊಗೆಯ ವಾಸನೆ. ನಿಮ್ಮ ಮನೆಯಲ್ಲಿ ಹೇಗೆ? ಇದನ್ನು ನಿಮ್ಮ ಹೊರತು ಯಾರೂ ಬರೆಯಲಾರರು.

ಚಿಕ್ಕಪ್ಪನನ್ನೂ ಅಷ್ಟೇ ಬೇಗ ಕಳಿಸಿಬಿಟ್ಟಿದ್ದೀರಿ. ಬೆಂಗಳೂರಿಗೆ ಹೋಗಿ ಈ ಕ್ಯಾಸೆಟ್ ಹಿಡಿದುಕೊಂಡು ತೋಟಕ್ಕೆ ಮರಳಿ ಬಂದವರು ಅವರು. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಇದನ್ನು ಹಾಕುತ್ತಿದ್ದರೇ? ಜೊತೆಗೆ ಸುಲಿಯುತ್ತಿದ್ದವರು ಏನನ್ನುತ್ತಿದ್ದರು? ಅವರನ್ನು ಕೇಳಿ ಬರೆಯಿರಿ.

ಕೊಬೈನ್ ಹುಟ್ಟೂರು ಅಬರ್ಡೀನ್ ಬಗ್ಗೆ ‘ವಾಷಿಂಗ್ಟನ್ ರಾಜ್ಯದ ಒಂದು ಸಣ್ಣ ಪಟ್ಟಣ’ ಎಂದು ಮುಗಿಸಿದ್ದೀರಿ. ಅದು ನಾಟಾ ನಂಬಿ ಬದುಕಿದ ಊರು. ಸದಾ ಮಳೆ, ಹೊಳೆ, ಸಾಮಿಲ್ಲು, ಆಮೇಲೆ ಮರದ ಕೆಲಸ ಕುಸಿದು ಕೈ ಖಾಲಿಯಾದ ಜನ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತ ಮೇಲೆ ಅಲ್ಲಿನ ಬೀದಿಗಳು ಹೇಗಾದವೆಂದು ನೋಡಿದ ನಮಗೆ ಈ ಊರು ಬೇಗ ಅರ್ಥವಾಗುತ್ತದೆ. ಆದರೆ ‘ಅಲ್ಲೂ ಮಳೆ, ಇಲ್ಲೂ ಮಳೆ’ ಎಂದು ಗಂಟು ಹಾಕಲು ಹೋಗಬೇಡಿ. ಊರನ್ನು ಊರಾಗಿ ತೋರಿಸಿದರೆ ಸಾಕು.

ಕೊಬೈನ್ ಅಲ್ಲಿನ ಸೇತುವೆಯ ಕೆಳಗೆ ವಾಸವಾಗಿದ್ದರು, ಆ ಕೊನೆಯ ಹಾಡು ಅದರದೇ ಎಂದು ಖಚಿತವಾಗಿ ಬರೆದಿದ್ದೀರಿ. ಕೊಬೈನ್ ಹಾಗೆ ಹೇಳಿಕೊಂಡದ್ದು ನಿಜ. ಆದರೆ ಅಲ್ಲಿ ಸುತ್ತಾಡುತ್ತಿದ್ದದ್ದು ಹೌದು, ವಾಸ ಮಾಡಲು ಸಾಧ್ಯವೇ ಇಲ್ಲ, ಆ ಕೆಸರು ದಂಡೆಯಲ್ಲಿ ಉಬ್ಬರದ ನೀರು ಏರಿ ಇಳಿಯುತ್ತಿರುತ್ತದೆ ಎಂದವರು ಅವರ ಜೊತೆಗಾರ, ತಂಡದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಕ್ರಿಸ್ಟ್ ನೊವೊಸೆಲಿಕ್. ಶಿವಮೊಗ್ಗದಲ್ಲಿ ತುಂಗಾ ಹೊಳೆಯ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತೇ ಎಂದು ವರ್ಷಾ ವರ್ಷಾ ಹೋಗಿ ನೋಡುವ ನಮಗೆ ಹೊಳೆದಂಡೆಯ ಈ ಮಾತು ಬೇಗ ತಿಳಿಯುತ್ತದೆ. ಇಬ್ಬರ ಮಾತನ್ನೂ ಇಡಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಇಲ್ಲ ಎನ್ನುತ್ತೇನೆ. ಲೇಖನದ ಕೊನೆಯಲ್ಲಿ ಇಡೀ ಆಲ್ಬಮ್ ಅನ್ನು ‘ಸಾವಿನ ಮುನ್ನುಡಿ’ ಎಂದಿದ್ದೀರಿ. ಕೊಬೈನ್ ಜೀವ ಕಳೆದುಕೊಂಡದ್ದು 1994ರ ಏಪ್ರಿಲ್‌ನಲ್ಲಿ, 27ನೆಯ ವಯಸ್ಸಿಗೆ. ಈ ಹಾಡುಗಳಲ್ಲಿ ಹೆಚ್ಚಿನವನ್ನು ಮುದ್ರಿಸಿದ್ದು 1991ರ ಬೇಸಿಗೆಯಲ್ಲಿ. ಆಗ ಅವರು ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ. ಒಂದೇ ಸಾಲನ್ನು ಎರಡು ಸಲ ಹಾಡಿ ಜೋಡಿಸಲು ಒಪ್ಪದೆ ಹಟ ಹಿಡಿದಾಗ, ಜಾನ್ ಲೆನನ್ ಕೂಡ ಹಾಗೆ ಮಾಡುತ್ತಿದ್ದರು ಎಂದು ವಿಗ್ ಹೇಳಿದ್ದಕ್ಕೆ ಒಪ್ಪಿಕೊಂಡ ಹುಡುಗ. ಆಮೇಲಿನ ಸಾವನ್ನು ಹಿಂದಕ್ಕೆ ತಂದು ಆ ಸಂತೋಷದ ಮೇಲೆ ಹೊದಿಸಬೇಡಿ. ನಮ್ಮ ಓದುಗರಲ್ಲಿ ಹದಿನೆಂಟು, ಇಪ್ಪತ್ತರ ಮಕ್ಕಳಿದ್ದಾರೆ. ಸಾವನ್ನು ಕಲೆಯ ಬೆಲೆಯೆಂಬಂತೆ ಹೇಳುವ ಬರಹ ನನ್ನ ಪತ್ರಿಕೆಯಲ್ಲಿ ಬರುವುದು ಬೇಡ.

ಎಂಟು ಪುಟ ನಾಲ್ಕಾದರೂ ಚಿಂತೆಯಿಲ್ಲ. ಪ್ರಶಸ್ತಿಯ ಪಟ್ಟಿ ಪೂರ್ತಿ ತೆಗೆಯಿರಿ. ದೀಪಾವಳಿ ಸಂಚಿಕೆಯ ಪುಟಗಳು ತುಂಬಿವೆ, ಅದರ ಮುಂದಿನ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿರುತ್ತೇನೆ. ಅಡಿಕೆಯ ಕೊನೆ ಕೊಯ್ಲು ಶುರುವಾಗುವ ಮುಂಚೆ ಕಳಿಸಿದರೆ ನಿಮಗೂ ಅನುಕೂಲ. ಆ ಕ್ಯಾಸೆಟ್ ಇನ್ನೂ ಮನೆಯಲ್ಲಿದ್ದರೆ ಒಂದು ಫೋಟೋ ತೆಗೆದು ಕಳಿಸಿ, ಲೇಖನದ ಜೊತೆ ಹಾಕೋಣ. ಬೂಷ್ಟು ಇದ್ದರೆ ಒರೆಸಬೇಡಿ.

ನಿಮ್ಮ,
ಸಂಪಾದಕ
ಶಿವಮೊಗ್ಗ