ಕಪ್ಪೆಚಿಪ್ಪುಗಳ ಡಿಎನ್‌ಎ ಶೇಕಡಾ ಎಷ್ಟು ಬೇರೆಯಾದರೆ ಬೇರೆ ಪ್ರಭೇದ ಎನ್ನಬಹುದು?

ಕೆರೆಯ ಕಪ್ಪೆಚಿಪ್ಪಿಗೂ ಹೊಳೆಯದಕ್ಕೂ ಸಿಒಐ ಎಂಬ, ಪ್ರಭೇದ ಗುರುತಿಸಲು ಬಳಸುವ ಮೈಟೊಕಾಂಡ್ರಿಯದ ವಂಶವಾಹಿಯಲ್ಲಿ ವ್ಯತ್ಯಾಸ ಕಂಡಿದೆ ಎನ್ನುತ್ತೀರಿ. ಶೇಕಡಾವಾರು ಆಮೇಲೆ ನೋಡೋಣ. ಮಾದರಿಯನ್ನು ಪ್ರಾಣಿಯ ಯಾವ ಭಾಗದಿಂದ ತೆಗೆದಿರಿ?

ಟೆಕ್ಸಸ್‌ನಲ್ಲಿ ಸಂಶೋಧನೆಗೆ ಸೇರಿದ ಹೊಸದರಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಆಲ್ಕೊಹಾಲ್ ಜಾಡಿಯಲ್ಲಿದ್ದ ಪ್ರಾಣಿಗಳ ಪಾದದ ಮೇಲ್ಗಡೆ ಕೆನೆಬಣ್ಣದ ಮೆತ್ತನೆಯ ಉಬ್ಬಿತ್ತು. ಚಿಮುಟಕ್ಕೆ ಸಲೀಸಾಗಿ ಬರುತ್ತದೆಂದು ಅದನ್ನೇ ಕಿತ್ತೆ. ನೋಡಿದರೆ, ಒಂದೇ ನದಿಯ, ಒಂದೇ ಪ್ರಭೇದವೆಂದು ಗುರುತಿಸಿದ್ದವುಗಳಲ್ಲಿ ಕೆಲವು ಉಳಿದವಕ್ಕಿಂತ ಶೇ 30ರ ಆಸುಪಾಸು ಬೇರೆ! ಕೆಟ್ಟುಹೋದ ವಂಶವಾಹಿಯ ನಕಲಿರಬಹುದೇ ಎಂದು ಪರಿಶೀಲಿಸಿದೆ. ಅಂಥ ನಕಲಿನಲ್ಲಿ ಸ್ಟಾಪ್ ಕೋಡಾನ್, ಅಂದರೆ ಪ್ರೋಟೀನ್ ತಯಾರಿ ನಿಲ್ಲಿಸುವ ಸಂಕೇತ, ನಡುವೆಯೇ ಬಂದಿರುವುದುಂಟು. ಇಲ್ಲಿ ಒಂದೂ ಇರಲಿಲ್ಲ. ಅಲ್ಲಿಗೆ ಧೈರ್ಯ ಬಂತು. ಹೊಸ ಪ್ರಭೇದವೆಂದು ಸಮ್ಮೇಳನಕ್ಕೆ ಸಾರಾಂಶವನ್ನೂ ಕಳಿಸಿಬಿಟ್ಟೆ.

ಹಾಗೆ ಬೇರೆಯಾಗಿ ಕಂಡವೆಲ್ಲ ಗಂಡುಗಳು. ನಾನು ಕಿತ್ತದ್ದು ವೃಷಣ. ಮೈಟೊಕಾಂಡ್ರಿಯವೆಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್‌ಎ ಇರುವ ಭಾಗ. ಸಾಮಾನ್ಯವಾಗಿ ಅದು ತಾಯಿಯಿಂದ ಮಾತ್ರ ಬರುತ್ತದೆ. ಆದರೆ ಯೂನಿಯನಿಡೇ ಎಂಬ ಸಿಹಿನೀರಿನ ಕುಟುಂಬದ ಬಹಳಷ್ಟು ಕಪ್ಪೆಚಿಪ್ಪುಗಳಲ್ಲಿ ತಾಯಿಯದು ಎಲ್ಲ ಮಕ್ಕಳಿಗೂ ಹೋಗುತ್ತದೆ, ತಂದೆಯದು ವೀರ್ಯಾಣುವಿನ ಮೂಲಕ ಗಂಡುಮಕ್ಕಳ ವೃಷಣದಲ್ಲಿ ನೆಲೆಯಾಗುತ್ತದೆ. ಈ ಎರಡು ಸಂತತಿಗಳು ಕೋಟ್ಯಂತರ ವರ್ಷಗಳಿಂದ ಬೇರೆಬೇರೆಯಾಗಿಯೇ ಸಾಗಿಬಂದಿವೆ. ಹಾಗಾಗಿ ಒಂದೇ ಗಂಡಿನ ವೃಷಣಕ್ಕೂ ಮೈಹೊದಿಕೆಗೂ (ಚಿಪ್ಪಿನ ಒಳಮೈಗೆ ಅಂಟಿದ ತೆಳುಪದರ) ಇರುವ ಅಂತರ ಎರಡು ಪ್ರಭೇದಗಳ ಅಂತರವನ್ನೂ ಮೀರಿಸಬಹುದು. ತಂದೆಯ ಪ್ರತಿಯೂ ಕೆಲಸ ಮಾಡುವ ವಂಶವಾಹಿಯೇ, ಸ್ಟಾಪ್ ಕೋಡಾನ್ ಎಲ್ಲಿಂದ ಸಿಕ್ಕೀತು? ಸಾರಾಂಶ ಹಿಂತೆಗೆದುಕೊಂಡದ್ದಕ್ಕಿಂತ, ಮತ್ತೆ ಸಿಗದ ಹಳೆಯ ಮಾದರಿಗಳನ್ನು ಹಾಳುಮಾಡಿದ್ದು ಹೆಚ್ಚು ನೋಯಿಸಿತು.

ಮೈಹೊದಿಕೆಯ ಅಂಚಿನಿಂದ ಅಕ್ಕಿಕಾಳಿನಷ್ಟು ಕತ್ತರಿಸಿದರೆ ಸಾಕು. ಚಿಪ್ಪನ್ನು ಬೆರಳ ದಪ್ಪವೂ ತೆರೆಯಬೇಕಿಲ್ಲ. ಪ್ರಾಣಿ ಬದುಕಿಯೇ ನೀರಿಗೆ ಮರಳುತ್ತದೆ.

ಇನ್ನು ಶೇಕಡಾವಾರು. ಅಂಥ ಗಡಿರೇಖೆ ಇಲ್ಲ, ಹುಡುಕಬೇಡಿ. ಟೆಕ್ಸಸ್‌ನ ಸೈಕ್ಲೊನಾಯಸ್ ಎಂಬ ಕಪ್ಪೆಚಿಪ್ಪುಗಳ ಗುಂಪನ್ನು 2018ರಲ್ಲಿ ಪರಿಶೀಲಿಸಿದವರು ಎರಡು ಮೈಟೊಕಾಂಡ್ರಿಯ ವಂಶವಾಹಿಗಳ ಜೊತೆಗೆ ಕೋಶಕೇಂದ್ರದ ಡಿಎನ್‌ಎಯ ಐಟಿಎಸ್1 ಎಂಬ ಭಾಗ, ಚಿಪ್ಪಿನ ಆಕಾರ, ನದಿಯ ಜಲಾನಯನ ಪ್ರದೇಶ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರು. ಗ್ವಾಡಲೂಪ್ ನದಿಯ ಸೈಕ್ಲೊನಾಯಸ್ ನೆಕೈ ಬೇರೆ ಪ್ರಭೇದವೆಂಬುದಕ್ಕೆ ಬಲ ಬಂತು. ಸಂರಕ್ಷಣೆಯ ಪರಿಗಣನೆಯಲ್ಲಿದ್ದ, ಅದೇ ಗುಂಪಿನ ಹೂಸ್ಟನೆನ್ಸಿಸ್ ಮಾತ್ರ ವ್ಯಾಪಕವಾಗಿ ಸಿಗುವ ಪುಸ್ಟುಲೋಸಾ ಪ್ರಭೇದದಲ್ಲೇ ಸೇರಿಹೋಯಿತು. ವಂಶವಾಹಿ ಪ್ರಭೇದಗಳನ್ನು ಒಡೆದದ್ದಷ್ಟೇ ಅಲ್ಲ, ಕೂಡಿಸಿದ್ದೂ ಇದೆ.

ಚಿಪ್ಪಿನ ಆಕಾರವೊಂದನ್ನೇ ನಂಬಿಯೂ ಕೂರಬೇಡಿ. ಕೆಲವು ಕಪ್ಪೆಚಿಪ್ಪುಗಳು ನದಿಯ ಕೆಳಹರಿವಿನತ್ತ ಹೋದಂತೆ ಉಬ್ಬಿ ದಪ್ಪಗಾಗುವುದನ್ನು ಪ್ರಾಣಿಶಾಸ್ತ್ರಜ್ಞ ಆರ್ಟ್‌ಮನ್ 1920ರಲ್ಲೇ ತೋರಿಸಿದ್ದಾರೆ. ಮರಿಗಳು ಮೀನಿನ ಕಿವಿರು, ರೆಕ್ಕೆಗಳಿಗೆ ಅಂಟಿಕೊಂಡು ಊರೂರು ಸುತ್ತುವುದರಿಂದ, ನಿಮ್ಮ ಕೆರೆಗೂ ಹೊಳೆಗೂ ನಡುವೆ ಮಳೆಗಾಲದಲ್ಲಿ ಯಾವ ಮೀನು ಓಡಾಡುತ್ತದೆಂದು ಮೀನುಗಾರರನ್ನು ಕೇಳಿ. ಐಟಿಎಸ್1 ಮಾಡಿಸುವವರೆಗೆ ಹೊಸ ಪ್ರಭೇದದ ಮಾತನ್ನು ಮಾರ್ಗದರ್ಶಕರ ಮುಂದೆ ಎತ್ತಲೇಬೇಡಿ.