ಉಚ್ಚೆ ಬೇರೆ, ಮಲ ಬೇರೆ: ಬಾವಿ ಇರುವ ಮನೆಗೆ ಎಂಥಾ ಕಕ್ಕಸು?

ಕಳೆದ ತಿಂಗಳು ಬೇಸಿಗೆಯ ನೀರಿನ ಬಗ್ಗೆ ಬರೆಯುವಾಗ ನಮ್ಮ ತೋಟದ ಬದಿಯ ಕಕ್ಕಸಿನ ಬಗ್ಗೆ ಎರಡು ಸಾಲು ಹೇಳಿದ್ದೆ. ಅದರಲ್ಲಿ ಉಚ್ಚೆ ಒಂದು ಕಡೆ, ಮಲ ಒಂದು ಕಡೆ ಹೋಗುತ್ತದೆ, ಫ್ಲಶ್ ಇಲ್ಲ, ಎಂಟು ವರ್ಷದಿಂದ ಬಳಸುತ್ತಿದ್ದೇವೆ ಅಂತ. ಆ ಎರಡು ಸಾಲಿಗೆ ಬಂದಷ್ಟು ಪತ್ರ ಬೇರೆ ಯಾವುದಕ್ಕೂ ಬಂದಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮದು ಗುಡ್ಡದ ಇಳಿಜಾರು. ಮನೆ ಮೇಲೆ, ಬಾವಿ ಕೆಳಗೆ. ಕಕ್ಕಸಿನ ಇಂಗುಗುಂಡಿ ಬಾವಿಯಿಂದ ಹತ್ತು ಮೀಟರ್ ದೂರ ಇದೆ. ಆದರೂ ನೀರು ಪರೀಕ್ಷೆ ಮಾಡಿಸಿದಾಗ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ ಅಂತ ಬಂತು. ನೀವು ಹೇಳಿದ ಕಕ್ಕಸು ಕಟ್ಟಿಸಿದರೆ ಸರಿ ಹೋಗುತ್ತದಾ? ಅದು ಕೆಲಸ ಮಾಡುವುದು ಹೇಗೆ? (ಕಾಸರಗೋಡು ಜಿಲ್ಲೆಯ ಬಾಯಾರಿನ ಓದುಗರು)

ಉತ್ತರ: ಮೊದಲು, ಇವತ್ತಿನಿಂದಲೇ ನೀರು ಕುದಿಸಿ ಕುಡಿಯಿರಿ. ಕಕ್ಕಸಿನ ವಿಷಯ ಆಮೇಲೆ. ದನದ ಹಟ್ಟಿಯ ನೀರು ಎತ್ತ ಹರಿಯುತ್ತದೆ, ಬಾವಿಕಟ್ಟೆ ಬಿರುಕು ಬಿಟ್ಟಿದೆಯಾ ಅನ್ನುವುದನ್ನೂ ನೋಡಿ, ಯಾಕೆಂದರೆ ಮಲದಲ್ಲಿರುವ ಈ ಬ್ಯಾಕ್ಟೀರಿಯಾ ಸೆಗಣಿಯಿಂದಲೂ ಬರುತ್ತದೆ.

ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ ಕನಿಷ್ಠ 7.5 ಮೀಟರ್ ಅಂತರ ಇರಬೇಕು ಅಂತ ಕೇರಳದ ಕಟ್ಟಡ ನಿಯಮ ಹೇಳುತ್ತದೆ. ನಿಮ್ಮದು ಅದಕ್ಕಿಂತ ದೂರವೇ. ಆದರೆ ನಮ್ಮ ಗುಡ್ಡದ ಮುರಕಲ್ಲಿನೊಳಗೆ (ಲ್ಯಾಟರೈಟ್) ನೀರು ಮೀಟರ್ ಲೆಕ್ಕ ನೋಡಿ ನಡೆಯುವುದಿಲ್ಲ. ಕಲ್ಲಿನ ತುಂಬ ತೂತು, ಬಿರುಕು, ಕೆಲವು ಕಡೆ ಕೈ ತೂರುವಷ್ಟು ಪೊಳ್ಳು. ಸುರಂಗ ತೋಡಿ ನೀರು ತಂದ ಊರಿನವರು ನೀವು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಹೇಗೋ ನಡೆದುಹೋಗುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಗುಡ್ಡ ನೆನೆದು ತುಂಬಿರುವಾಗ ಗುಂಡಿಯ ನೀರು ಸೋಸಿ ಇಂಗಲು ಸಮಯವೇ ಸಿಗದೆ, ಸಿಕ್ಕಿದ ಬಿರುಕಿನಲ್ಲಿ ಕೆಳಕ್ಕೆ ಓಡುತ್ತದೆ. ಕೆಳಗಿರುವುದು ನಿಮ್ಮ ಬಾವಿ.

ಈಗ ಯೋಚಿಸಿ, ಆ ಗುಂಡಿಗೆ ನೀರು ಬರುವುದು ಎಲ್ಲಿಂದ? ಹೆಚ್ಚಿನದು ನಾವೇ ಸುರಿದದ್ದು. ಒಬ್ಬ ಮನುಷ್ಯ ದಿನಕ್ಕೆ ಐದಾರು ಸಲ ಉಚ್ಚೆಗೆ ಹೋಗುತ್ತಾನೆ, ಮಲಕ್ಕೆ ಒಂದು ಸಲ. ಪ್ರತಿ ಸಲ ಒಂದು ಬಕೆಟ್ ನೀರು. ದಿನಕ್ಕೆ ಒಂದು, ಒಂದೂವರೆ ಲೀಟರ್ ಉಚ್ಚೆಯನ್ನು ತಳ್ಳಲು ಐದಾರು ಬಕೆಟ್ ಒಳ್ಳೆ ನೀರು! ರೋಗ ತರುವ ಕ್ರಿಮಿ, ಹುಳದ ಮೊಟ್ಟೆ ಎಲ್ಲ ಇರುವುದು ಮುಖ್ಯವಾಗಿ ಮಲದಲ್ಲಿ. ಗಿಡಕ್ಕೆ ಬೇಕಾದ ಸಾರಜನಕದ ಮುಕ್ಕಾಲಿಗಿಂತ ಜಾಸ್ತಿ ಇರುವುದು ಉಚ್ಚೆಯಲ್ಲಿ. ಎರಡನ್ನೂ ಕಲಸಿ, ನೀರು ಹೊಯ್ದು, ಬಾವಿಯ ಮೇಲ್ಗಡೆ ಇಂಗಿಸುತ್ತೇವೆ. ಗೊಬ್ಬರವೂ ಹೋಯಿತು, ನೀರೂ ಕೆಟ್ಟಿತು.

ಬೇರ್ಪಡಿಸುವ ಕಕ್ಕಸಿನಲ್ಲಿ ಕೂರುವ ಕಲ್ಲಿಗೆ ಮೂರು ಭಾಗ. ಎದುರುಗಡೆ ಬೋಗುಣಿಯಂಥ ತಗ್ಗು, ಉಚ್ಚೆ ಅದರಲ್ಲಿ ಬಿದ್ದು ಪೈಪಿನಲ್ಲಿ ಕ್ಯಾನಿಗೆ ಹೋಗುತ್ತದೆ. ನಡುವೆ ದೊಡ್ಡ ತೂತು, ಮಲ ನೇರ ಕೆಳಗಿನ ಕೋಣೆಗೆ. ಹಿಂದೆ ತೊಳೆದುಕೊಳ್ಳುವ ಜಾಗ, ಆ ನೀರು ಬೇರೆಯೇ ಪೈಪಿನಲ್ಲಿ ಹೊರಗೆ. ಕೆಲಸ ಮುಗಿದ ಮೇಲೆ ನಡುವಿನ ತೂತಿಗೆ ಒಂದು ತೆಂಗಿನ ಚಿಪ್ಪು ಬೂದಿ ಹಾಕಿ ಮುಚ್ಚಳ ಮುಚ್ಚಬೇಕು, ಅಷ್ಟೇ. ಕೆಳಗಿನ ಕೋಣೆ ನೆಲದ ಮೇಲೆಯೇ ಕಟ್ಟಿದ್ದು, ತಳಕ್ಕೆ ಕಾಂಕ್ರೀಟು. ಇಂಥದ್ದು ಎರಡು ಪಕ್ಕಪಕ್ಕ ಬೇಕು. ಒಂದು ತುಂಬಿದಾಗ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸುವುದು. ಐದು ಜನರ ಮನೆಗೆ ಒಂದೊಂದು ಕೋಣೆ ಮೂರು ಅಡಿ ಅಗಲ, ಮೂರೂವರೆ ಅಡಿ ಉದ್ದ, ಮೂರು ಅಡಿ ಎತ್ತರ ಇದ್ದರೆ ಹೆಚ್ಚು ಕಡಿಮೆ ಒಂದು ವರ್ಷಕ್ಕೆ ಸಾಕು. ಮಾಡಿಗಿಂತ (ಛಾವಣಿಗಿಂತ) ಎತ್ತರಕ್ಕೆ ಒಂದು ನಾಲ್ಕು ಇಂಚಿನ ಗಾಳಿ ಪೈಪು, ಬಾಯಿಗೆ ನೊಣದ ಬಲೆ.

ವಾಸನೆಯ ಬಗ್ಗೆ ಎಲ್ಲರೂ ಕೇಳಿದ್ದಾರೆ. ಕಕ್ಕಸಿನ ಆ ಮೂಗು ಮುಚ್ಚುವ ವಾಸನೆ ಹೆಚ್ಚಾಗಿ ಬರುವುದು ಎರಡೂ ಸೇರಿದಾಗ. ಉಚ್ಚೆಯಲ್ಲಿ ಯೂರಿಯಾ ಇದೆ, ಮಲದ ಬ್ಯಾಕ್ಟೀರಿಯಾ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಸೇರದ ಹಾಗೆ ನೋಡಿಕೊಂಡರೆ, ಮೇಲೆ ಬೂದಿ ಬಿದ್ದರೆ, ಮಲ ಒಣಗುತ್ತದೆ. ಒಣಗಿದ್ದು ನಾರುವುದಿಲ್ಲ. ನಮ್ಮಲ್ಲಿ ಬಾಗಿಲು ತೆರೆದರೆ ಬರುವುದು ಬಚ್ಚಲೊಲೆಯ ಬೂದಿಯ ವಾಸನೆ.

ನಿಮ್ಮ ಬಾವಿಯ ಪ್ರಶ್ನೆಗೆ ಉತ್ತರ: ಹೊಸದು ಕಟ್ಟಿಸಿ ಹಳೆ ಗುಂಡಿ ಬಳಸುವುದನ್ನು ನಿಲ್ಲಿಸಿದರೆ ಕಕ್ಕಸಿನಿಂದ ಬರುವ ಕೊಳೆ ನಿಲ್ಲುತ್ತದೆ. ಎರಡೂ ಇಟ್ಟುಕೊಂಡು, ಹೊಸದು ಸುಮ್ನೆ ತೋರಿಕೆಗೆ ಆದರೆ ಏನೂ ಪ್ರಯೋಜನ ಇಲ್ಲ. ಒಂದು ಮಳೆಗಾಲ ಕಳೆದ ಮೇಲೆ ಮತ್ತೆ ನೀರು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾವು ಕುಂಬಳೆಯ ಸಮುದ್ರದ ಹತ್ತಿರ. ಮಳೆಗಾಲದಲ್ಲಿ ಎರಡು ಅಡಿ ತೋಡಿದರೆ ನೀರು. ಕಾಗದದಿಂದ ಒರೆಸಿಕೊಳ್ಳುವವರಿಗೆ ಇದು ಸರಿ ಇರಬಹುದು, ನೀರಲ್ಲಿ ತೊಳೆಯುವ ನಮಗೆ ಆಗುತ್ತದಾ? ಅತ್ತೆಗೆ ಮೊಣಕಾಲು ನೋವು, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ.

ಉತ್ತರ: ಅಕ್ಕಾ, ನಿಮ್ಮಂಥ ಜಾಗಕ್ಕೇ ಇದು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು. ನೆಲದಡಿ ನೀರು ಅಷ್ಟು ಮೇಲೆ ಇರುವಾಗ ಗುಂಡಿ ತೋಡಿದರೆ ಅದು ಬಾವಿಗೇ ತೋಡಿದ ಹಾಗೆ. 1990ರ ದಶಕದಲ್ಲಿ ತಿರುವನಂತಪುರದ ಕಡಲ ಬದಿಯ ಮೀನುಗಾರರ ಹಳ್ಳಿಗಳಲ್ಲಿ ಪಾಲ್ ಕಾಲ್ವರ್ಟ್ ಎಂಬ ಇಂಜಿನಿಯರ್ ಇಂಥ ಕಕ್ಕಸುಗಳನ್ನು ಕಟ್ಟಿಸಿದ್ದು ಇದೇ ಕಾರಣಕ್ಕೆ. ನೀರಲ್ಲಿ ತೊಳೆಯುವ ನಮ್ಮ ಅಭ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ಮಾಡಿದ್ದು, ಅಲ್ಲಿ ತೊಳೆದ ನೀರು ಗಿಡ ನೆಟ್ಟ ಪಾತಿಗೆ ಹೋಗುತ್ತಿತ್ತು.

ತೊಳೆದ ನೀರಿನಲ್ಲಿ ಕೊಳೆ ಇದ್ದೇ ಇರುತ್ತದೆ, ಅದನ್ನು ಅಂಗಳಕ್ಕೆ ಬಿಡಬೇಡಿ. ಐದು ಜನರ ಮನೆಯಲ್ಲಿ ದಿನಕ್ಕೆ ಏಳೆಂಟು ಲೀಟರ್ ಆಗಬಹುದು. ತಳಕ್ಕೆ ಸಿಮೆಂಟು ಹಾಕಿದ ಒಂದು ತೊಟ್ಟಿ, ಅದಕ್ಕೆ ಜಲ್ಲಿ, ಮರಳು, ಮಣ್ಣು, ಮೇಲೆ ಎರಡು ಬಾಳೆಬುಡ. ಬಾಳೆ ಕುಡಿಯುವಷ್ಟು ಯಾವ ಗಿಡವೂ ನೀರು ಕುಡಿಯುವುದಿಲ್ಲ ಅಂತ ನನ್ನ ಅನುಭವ. ತೊಟ್ಟಿಯ ಅಂಚು ನೆಲಕ್ಕಿಂತ ಒಂದು ಅಡಿ ಎತ್ತರ ಇರಲಿ, ಮಾಡಿನ ನೀರು ಅದಕ್ಕೆ ಬೀಳದಿರಲಿ. ಇಲ್ಲದಿದ್ದರೆ ಜೂನ್ ಮೊದಲ ವಾರದಲ್ಲೇ ತುಂಬಿ ಹೊರಗೆ ಹರಿಯುತ್ತದೆ. ಆ ತೊಟ್ಟಿಯಲ್ಲಿ ಸೊಪ್ಪು, ಗೆಡ್ಡೆ ಬೆಳೆಸಬೇಡಿ.

ಅತ್ತೆಯವರಿಗೆ ಕುರ್ಚಿಯಂತೆ ಕೂರುವ ಮಾದರಿಯೂ ಇದೆ, ಫೈಬರಿನ ಒಳತಟ್ಟೆ ಇಟ್ಟು ಮಾಡುವುದು. ಆದರೆ ಅದರಲ್ಲಿ ತೊಳೆಯುವಾಗ ನೀರು ಮಲದ ಕೋಣೆಗೆ ಬೀಳುವುದು ಸುಲಭ. ಪಕ್ಕಕ್ಕೆ ಸರಿದು ತೊಳೆಯುವುದು ಆ ವಯಸ್ಸಿನಲ್ಲಿ ಕಷ್ಟ. ನೆಲದ ಮೇಲಿನ ಕೋಣೆ ಅಂದರೆ ನಾಲ್ಕೈದು ಮೆಟ್ಟಿಲು ಬೇರೆ ಹತ್ತಬೇಕು. ನಾನಾದರೆ ಅವರಿಗೆ ಈಗಿರುವ ಕಕ್ಕಸನ್ನೇ ಬಿಟ್ಟು, ಉಳಿದವರು ಹೊಸದಕ್ಕೆ ಹೋಗುವ ಹಾಗೆ ಮಾಡುತ್ತಿದ್ದೆ. ಗುಂಡಿಗೆ ಐದು ಜನರ ನೀರಿನ ಬದಲು ಒಬ್ಬರದು ಬಿದ್ದರೂ ಬಾವಿಗೆ ಅಷ್ಟು ಭಾರ ಇಳಿಯಿತಲ್ಲ. ಮೇಲಿನ ಓದುಗರಿಗೆ ಹೇಳಿದ್ದಕ್ಕೆ ಇದು ಸ್ವಲ್ಪ ವಿರುದ್ಧವೇ, ಆದರೆ ಮುದುಕರಿಗೆ ಕಷ್ಟ ಕೊಟ್ಟು ನೀರು ಉಳಿಸುವುದು ಬೇಡ.

ಇನ್ನೊಂದು ವಿಷಯ. ಬೂದಿ ತರುವವರು, ಒರೆಸುವವರು, ಕ್ಯಾನ್ ತುಂಬಿತಾ ಅಂತ ನೋಡುವವರು ಹೆಚ್ಚಾಗಿ ಮನೆಯ ಹೆಂಗಸರೇ. ನಿಮ್ಮ ಯಜಮಾನರು ಅದರಲ್ಲಿ ಪಾಲು ತೆಗೆದುಕೊಳ್ಳುತ್ತಾರಾ ಅಂತ ಕಟ್ಟಿಸುವ ಮೊದಲೇ ಕೇಳಿಕೊಳ್ಳಿ. ಗಂಡಸರು ನಿಂತು ಉಚ್ಚೆ ಹೊಯ್ಯಬಾರದು ಅನ್ನುವುದನ್ನೂ.

ಪ್ರಶ್ನೆ: ಮುಳ್ಳೇರಿಯದ ಹತ್ತಿರ ಮುನ್ನೂರು ಅಡಿಕೆ ಮರ ಇದೆ. ಉಚ್ಚೆ ಎಷ್ಟು ಮರಕ್ಕೆ ಸಾಕು? ಬೇರು ಸುಡುವುದಿಲ್ವಾ?

ಉತ್ತರ: ಲೆಕ್ಕ ಹಾಕೋಣ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಶ್ ಅನ್ನುವುದು ಎಲ್ಲ ಬೆಳೆಗಾರರಿಗೂ ಬಾಯಿಪಾಠ. ಒಂದು ಲೀಟರ್ ಉಚ್ಚೆಯಲ್ಲಿ ಸುಮಾರು 5 ಗ್ರಾಂ ಸಾರಜನಕ ಅಂತ ಇಟ್ಟುಕೊಳ್ಳಿ, ಊಟದ ಮೇಲೆ ಹೆಚ್ಚು ಕಡಿಮೆ ಆಗುತ್ತದೆ. ಅಂದರೆ ಮರಕ್ಕೆ 20 ಲೀಟರ್. ಒಬ್ಬರು ವರ್ಷಕ್ಕೆ 500 ಲೀಟರ್ ಕೊಟ್ಟರೆ 25 ಮರ. ನಾಲ್ಕು ಜನಕ್ಕೆ ನೂರು ಮರ ಆಗಬೇಕು, ಆದರೆ ಮಕ್ಕಳು ಶಾಲೆಗೆ, ನೀವು ಪೇಟೆಗೆ ಹೋಗುತ್ತೀರಿ, ಮನೆಯಲ್ಲಿ ಸಿಗುವುದು ಹೆಚ್ಚು ಕಡಿಮೆ ಅರ್ಧ. ಹಾಗಾಗಿ ಐವತ್ತು ಮರ ಅಂತ ಹಿಡಿಯಿರಿ. ಮುನ್ನೂರರಲ್ಲಿ ಐವತ್ತು. ಕಡಿಮೆ ಅನ್ನಿಸಬಹುದು, ಆದರೆ ಬಿಟ್ಟಿ ಸಿಕ್ಕಿದ್ದು.

ಸಾರಜನಕ ಪೂರ್ತಿ ಆದರೂ ಅದೇ 20 ಲೀಟರಿನಲ್ಲಿ ರಂಜಕ ಅರ್ಧದಷ್ಟೇ ಸಿಗುತ್ತದೆ, ಪೊಟ್ಯಾಶ್ ಕಾಲು ಭಾಗ. ಬಚ್ಚಲೊಲೆಯ ಬೂದಿ, ಸೊಪ್ಪು, ಹಟ್ಟಿಗೊಬ್ಬರ ಹಾಕುವುದನ್ನು ಬಿಡಬೇಡಿ. ನಮ್ಮ ಕೆಂಪು ಮಣ್ಣು ಮೊದಲೇ ಹುಳಿ, ಉಚ್ಚೆ ಅದನ್ನು ಇನ್ನೂ ಸ್ವಲ್ಪ ಹುಳಿ ಮಾಡುತ್ತದೆ, ಹಾಗಾಗಿ ಸುಣ್ಣವೂ ಬೇಕು.

ಸುಡುತ್ತದೆ, ಒಂದೇ ಸಲ ಹೊಯ್ದರೆ. ನಾಲ್ಕೈದು ಲೀಟರಿನಂತೆ ನಾಲ್ಕೈದು ಸಲ ಕೊಡಿ. ಒಂದಕ್ಕೆ ಮೂರರಿಂದ ಐದು ಪಾಲು ನೀರು ಸೇರಿಸಿ, ಬುಡದಿಂದ ಎರಡಡಿ ಆಚೆ ಬಟ್ಟಲು ಮಾಡಿ ಹೊಯ್ದು ಮಣ್ಣು ಎಳೆಯಿರಿ. ಎಲೆಯ ಮೇಲೆ ಬೀಳಬಾರದು. ಜೂನ್, ಜುಲೈ, ಆಗಸ್ಟ್‌ನಲ್ಲಿ ಕೊಡಲೇಬೇಡಿ, ಆ ಮಳೆಗೆ ಮರಕ್ಕೂ ಸಿಗದೆ ನೇರ ಬಾವಿಗೆ ಹೋಗುತ್ತದೆ. ಆ ಮೂರು ತಿಂಗಳದ್ದು ಕೂಡಿಡಲು ಒಂದು 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕು ಬೇಕು. ಕೂಡಿಟ್ಟರೆ ಇನ್ನೊಂದು ಲಾಭ, ಅಮೋನಿಯಾ ಹೆಚ್ಚಾಗಿ ಇದ್ದಬದ್ದ ಕ್ರಿಮಿ ಸಾಯುತ್ತದೆ. ತರಕಾರಿಗೆ ಕೊಡುವುದಾದರೆ ಕೊಯ್ಲಿಗೆ ಒಂದು ತಿಂಗಳ ಮೊದಲೇ ನಿಲ್ಲಿಸಿ. ವಾರಕ್ಕೊಮ್ಮೆ ಕೊಯ್ಯುವ ಬಸಳೆ, ಹರಿವೆಗೆ ಈ ಲೆಕ್ಕ ಕೂಡುವುದೇ ಇಲ್ಲ, ಅವಕ್ಕೆ ಬೇಡ. ಮನೆಯಲ್ಲಿ ಯಾರಾದರೂ ಆಂಟಿಬಯೋಟಿಕ್ ತಿನ್ನುತ್ತಿದ್ದರೆ ಆ ದಿನಗಳದ್ದನ್ನು ಕೂಡಿಡಬೇಡಿ.

ಪ್ರಶ್ನೆ: ಪೈಪು ಕಟ್ಟಿಕೊಳ್ಳುತ್ತದೆ ಅಂತ ಮೇಸ್ತ್ರಿ ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ನಿಜ. ನಮ್ಮಲ್ಲಿ ಮೊದಲ ವರ್ಷವೇ ಕಟ್ಟಿತು. ಮುಕ್ಕಾಲು ಇಂಚಿನ ಪೈಪು ಹಾಕಿದ್ದೆ, ಎರಡು ಕಡೆ ತೊಂಬತ್ತು ಡಿಗ್ರಿ ಬೆಂಡು. ಗರಗಸದಲ್ಲಿ ಕೊಯ್ದು ನೋಡಿದರೆ ಬೆಂಡಿನ ಒಳಗೆ ಹಂಡೆಯ ತಳದಲ್ಲಿ ಕಟ್ಟುವ ಹಾಗೆ ಬಿಳಿ ಹರಳು, ನಡುವೆ ಪೆನ್ಸಿಲ್ ತೂರುವಷ್ಟೇ ಜಾಗ. ಉಚ್ಚೆ ಹಳತಾಗುವಾಗ ರಂಜಕ, ಮೆಗ್ನೀಸಿಯಂ, ಸುಣ್ಣದ ಅಂಶ ಹೀಗೆ ಗಟ್ಟಿಯಾಗಿ ಕೂರುತ್ತದೆ. ಈಗ ಎರಡೂವರೆ ಇಂಚಿನ ಪಿವಿಸಿ, ಒಳ್ಳೆ ಇಳಿಜಾರು, ಬೆಂಡು ಬೇಕಾದಲ್ಲಿ ನಲವತ್ತೈದು ಡಿಗ್ರಿ. ಕಬ್ಬಿಣ, ತಾಮ್ರ ಎಲ್ಲೂ ಹಾಕಬೇಡಿ, ತಿಂದುಹೋಗುತ್ತದೆ. ಪೈಪಿನ ತುದಿ ಕ್ಯಾನಿನ ತಳದವರೆಗೆ ಇಳಿದಿರಲಿ. ಮೇಲಿನಿಂದ ಸುರಿದರೆ ಕಲಕಿ ಅಮೋನಿಯಾ ಹಾರುತ್ತದೆ, ಗೊಬ್ಬರವೂ ಹೋಗಿ ವಾಸನೆಯೂ ಬರುತ್ತದೆ. ತಿಂಗಳಿಗೊಮ್ಮೆ ಅರ್ಧ ಲೀಟರ್ ವಿನೆಗರ್ ಹೊಯ್ದು ರಾತ್ರಿ ಬಿಟ್ಟರೆ ಮತ್ತೆ ಕಟ್ಟುವುದಿಲ್ಲ.

ಪ್ರಶ್ನೆ: ಕೋಣೆ ತುಂಬಿದ ಮೇಲೆ ಖಾಲಿ ಮಾಡಲು ಆಳು ಸಿಗುತ್ತಾರಾ? ಎಷ್ಟು ಕೂಲಿ ಕೊಡಬೇಕು?

ಉತ್ತರ: ಆಳು ಹುಡುಕಲೇಬೇಡಿ. ದಯವಿಟ್ಟು. ಮಲ ಪೂರ್ತಿ ಕೊಳೆತು ಮಣ್ಣಾಗುವ ಮೊದಲು ಮನುಷ್ಯರ ಕೈಯಿಂದ ತೆಗೆಸಬೇಕಾದ ಕಕ್ಕಸನ್ನು 2013ರ ಕಾನೂನು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಅದು ಮಾಡಿಸಬಾರದ ಕೆಲಸ. ಎಷ್ಟೋ ತಲೆಮಾರು ಯಾರ ತಲೆಯ ಮೇಲೆ ಈ ಹೊರೆ ಹೊರಿಸಿದ್ದೆವು ಅಂತ ನಮಗೆಲ್ಲ ಗೊತ್ತಿದೆ.

ಕೋಣೆ ಮುಚ್ಚಿ ಒಂದು ವರ್ಷ ಬಿಡಿ. ಬೂದಿ ಚೆನ್ನಾಗಿ ಬಿದ್ದಿದ್ದರೆ ಆರು ತಿಂಗಳು ಸಾಕು ಅನ್ನುತ್ತಾರೆ, ನಾನು ವರ್ಷವೇ ಬಿಡುತ್ತೇನೆ, ಯಾಕೆಂದರೆ ಜಂತುಹುಳದ ಮೊಟ್ಟೆ ಬೇಗ ಸಾಯುವುದಿಲ್ಲ. ಮೊದಲ ಸಲ ಬಾಗಿಲು ತೆಗೆಯುವಾಗ ನನಗೂ ಅಳುಕಿತ್ತು. ಒಳಗೆ ಇದ್ದದ್ದು ಬೂದು ಬಣ್ಣದ ಉದುರು ಪುಡಿ, ಇರುವೆಗೂಡಿನ ಮಣ್ಣಿನ ಹಾಗೆ. ಸಲಿಕೆಯಲ್ಲಿ ತೆಗೆದು ನಾನೂ ಮಗನೂ ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆವು. ಕೈಗೆ ಗ್ಲೌಸ್ ಇತ್ತು, ಆಮೇಲೆ ಸಾಬೂನು ಹಾಕಿ ತೊಳೆದುಕೊಂಡೆವು. ನಿಮಗೆ ನೀವೇ ತೆಗೆಯಲು ಮನಸ್ಸು ಬರದಿದ್ದರೆ ಈ ಕಕ್ಕಸು ಬೇಡ, ಎರಡು ಗುಂಡಿಯ ಮಾಮೂಲಿ ಕಕ್ಕಸನ್ನೇ ಬಾವಿಯಿಂದ ದೂರಕ್ಕೆ, ಕೆಳಗಿನ ಬದಿಗೆ ಕಟ್ಟಿಸಿ.

ಪ್ರಶ್ನೆ: ನಮ್ಮಲ್ಲಿ ಗ್ಯಾಸ್ ಒಲೆ. ಮಳೆಗಾಲದಲ್ಲಿ ಬೂದಿಗೆ ಎಲ್ಲಿ ಹೋಗುವುದು? (ಪೆರ್ಲದ ಓದುಗರು)

ಉತ್ತರ: ಒಣ ಮಣ್ಣೂ ಆಗುತ್ತದೆ, ಬೂದಿಯೇ ಬೇಕೆಂದಿಲ್ಲ. ಮರದ ಹೊಟ್ಟು, ತೆಂಗಿನ ನಾರಿನ ಹುಡಿಯೂ ಆದೀತು. ಮೂರು ಪಾಲು ಮಣ್ಣಿಗೆ ಒಂದು ಪಾಲು ಸುಣ್ಣದ ಪುಡಿ ಸೇರಿಸಿದರೆ ಒಳ್ಳೆಯದು. ಆದರೆ ಒಣಗಿದ್ದು ಜೂನ್‌ನಲ್ಲಿ ಎಲ್ಲೂ ಸಿಗುವುದಿಲ್ಲ, ಗಾಳಿಯೇ ಒದ್ದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಡಿಕೆ ಅಂಗಳ ಖಾಲಿ ಇರುವಾಗ ತೋಟದ ಮಣ್ಣನ್ನು ಜರಡಿ ಹಿಡಿದು ನಾಲ್ಕು ದಿನ ಬಿಸಿಲಿಗೆ ಹರಡಿ, ರಸಗೊಬ್ಬರದ ಖಾಲಿ ಚೀಲಗಳಿಗೆ ತುಂಬಿ ಬಾಯಿ ಕಟ್ಟಿಡಿ. ನಮ್ಮ ಐದು ಜನಕ್ಕೆ ಮಳೆಗಾಲ ದಾಟಲು ಹತ್ತು ಚೀಲ ಬೇಕಾಗುತ್ತದೆ. ಚೀಲ ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಇಡಿ, ಒಂದನ್ನು ಕಕ್ಕಸಿನೊಳಗೇ, ಚಿಪ್ಪಿನ ಜೊತೆ.