ಬೋಟಿನ ಮೂತಿ ಕುಣಿಯುತ್ತಿದ್ದರೆ ಮೊದಲು ಟ್ರಿಮ್ ನೋಡಿ

ಅಮೆರಿಕದ ಜಾರ್ಜಿಯಾದ ಲೇಕ್ ಲೇನಿಯರ್‌ನಲ್ಲಿ ನಿಮ್ಮ 19 ಅಡಿಯ ಸ್ಟರ್ನ್‌ಡ್ರೈವ್ ಬೋಟು ವೇಗ ಹಿಡಿದ ಮೇಲೆ ಮೂತಿ ಮೇಲೆ ಕೆಳಗೆ ಕುಣಿಯುತ್ತದೆ, ಟ್ರಿಮ್ ಎಷ್ಟಕ್ಕೆ ಇಡಬೇಕು ಅಂತ ಕೇಳಿದ್ದೀರಿ. ಸ್ಟರ್ನ್‌ಡ್ರೈವ್ ಅಂದರೆ ಎಂಜಿನ್ ಬೋಟಿನ ಒಳಗೆ, ಪ್ರೊಪೆಲರ್ ಇರುವ ಡ್ರೈವ್ ಹಿಂದೆ ಹೊರಗೆ. ಆ ಡ್ರೈವ್ ಬೋಟಿನ ಕಡೆಗೆ (ಒಳಗೆ) ಅಥವಾ ಬೋಟಿನಿಂದ ಆಚೆಗೆ (ಹೊರಗೆ) ಎಷ್ಟು ವಾಲಿದೆ ಅನ್ನುವುದೇ ಟ್ರಿಮ್. ಇಷ್ಟಕ್ಕೇ ಇಡಿ ಅಂತ ಹೇಳಲು ಬರುವುದಿಲ್ಲ. ಎಷ್ಟು ಜನ ಕೂತಿದ್ದಾರೆ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇದೆ, ಅಲೆ ಯಾವ ಕಡೆಯಿಂದ ಬರುತ್ತಿದೆ ಅನ್ನುವುದರ ಮೇಲೆ ಅದು ಬದಲಾಗುತ್ತಲೇ ಇರುತ್ತದೆ. ನಾನು ಗೇಜ್ ನೋಡುವುದಕ್ಕಿಂತ ಎಂಜಿನ್ ಸದ್ದು ಕೇಳುವುದೇ ಜಾಸ್ತಿ.

ಮೂತಿ ಕುಣಿಯುತ್ತಿದೆ ಅಂದರೆ ಹೆಚ್ಚಾಗಿ ಡ್ರೈವ್ ಬೇಕಾದ್ದಕ್ಕಿಂತ ಹೊರಗೆ ಹೋಗಿದೆ. ಡ್ರೈವ್ ಅನ್ನು ಒಳಗೆ ತರುವ ಡೌನ್ ಬಟನ್ ಅನ್ನು ಸ್ವಲ್ಪ ಸ್ವಲ್ಪವೇ ಒತ್ತಿ. ಕುಣಿತ ನಿಲ್ಲದಿದ್ದರೆ ವೇಗ ತಗ್ಗಿಸಿ.

ಹೊರಡುವಾಗ ಡ್ರೈವ್ ಪೂರ್ತಿ ಒಳಗಿರಲಿ. ಆಗ ಪ್ರೊಪೆಲರ್ ಬೋಟಿನ ಹಿಂಭಾಗವನ್ನು ಮೇಲಕ್ಕೆ ತಳ್ಳುತ್ತದೆ, ಮೂತಿ ಬೇಗ ಕೆಳಗೆ ಬರುತ್ತದೆ. ಮೂತಿ ಎದ್ದಿರುವಷ್ಟು ಹೊತ್ತು ಮುಂದೇನಿದೆ ಅಂತ ನಿಮಗೆ ಕಾಣುವುದಿಲ್ಲ. ಈಜುವವರು, ಕಯಾಕ್‌ನವರು ಇರುವ ಕೆರೆಯಲ್ಲಿ ಇದು ಚಿಕ್ಕ ವಿಷಯ ಅಲ್ಲ ಅಲ್ವಾ? ಬೋಟು ನೀರಿನ ಮೇಲೆ ಸಮನಾಗಿ ಓಡಲು ಶುರುವಾದ ಮೇಲೆ ಡ್ರೈವ್ ಅನ್ನು ನಿಧಾನಕ್ಕೆ ಹೊರಗೆ ಬಿಡಿ. ಮೂತಿ ಒಂಚೂರು ಏಳುತ್ತದೆ, ನೀರಿಗೆ ತಾಗುವ ತಳ ಕಡಿಮೆಯಾಗುತ್ತದೆ. ಥ್ರಾಟಲ್ ಮುಟ್ಟದೆಯೇ ವೇಗ ಏರುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ವೇಗ ಏರುವುದು ನಿಂತ ಕಡೆ ನೀವೂ ನಿಲ್ಲಿಸಿ. ಆಮೇಲೂ ಬಿಡುತ್ತಾ ಹೋದರೆ ಪ್ರೊಪೆಲರ್ ಗಾಳಿ ಎಳೆದುಕೊಳ್ಳುತ್ತದೆ. ಆರ್‌ಪಿಎಂ ಸುಮ್ನೆ ಜಿಗಿಯುತ್ತದೆ, ಬೋಟು ಮಾತ್ರ ಮುಂದೆ ಹೋಗುವುದಿಲ್ಲ.

ಇದಕ್ಕಿಂತ ನನಗೆ ಹೆದರಿಕೆ ಹುಟ್ಟಿಸುವುದು ಉಲ್ಟಾ ತಪ್ಪು. ಡ್ರೈವ್ ಪೂರ್ತಿ ಒಳಗಿಟ್ಟುಕೊಂಡೇ ಜೋರಾಗಿ ಓಡಿಸಿದರೆ ಮೂತಿ ನೀರನ್ನು ಉಳುತ್ತದೆ. ಆ ಸ್ಥಿತಿಯಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಬೋಟು ಗಕ್ಕನೆ ಪಕ್ಕಕ್ಕೆ ತಿರುಗಿ ಒಳಗಿದ್ದವರನ್ನು ಎಸೆಯಬಹುದು. ಹಾಗಂತ ಪೂರ್ತಿ ಹೊರಗಿಟ್ಟು ತಿರುಗಿಸಿದರೂ ಪ್ರೊಪೆಲರ್ ಹಿಡಿತ ತಪ್ಪುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಿ, ಡ್ರೈವ್ ಸ್ವಲ್ಪ ಒಳಗೆ ತನ್ನಿ. ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗ ಮೈಗೆ ಸಿಕ್ಕಿಸಿಕೊಂಡೇ ಓಡಿಸಿ. 26 ಅಡಿಗಿಂತ ಚಿಕ್ಕ ಬೋಟುಗಳಿಗೆ ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ ಇದರ ಫೆಡರಲ್ ನಿಯಮವೇ ಇದೆ.

ಬೇಸಿಗೆಯ ವಾರಾಂತ್ಯದಲ್ಲಿ ಬೇರೆ ಬೋಟುಗಳ ಅಲೆ ಎದುರಿಗೆ ಬಂದರೆ ಡ್ರೈವ್ ಸ್ವಲ್ಪ ಒಳಗಿರಲಿ, ಮೂತಿ ಅಲೆಯನ್ನು ಸೀಳುತ್ತದೆ. ಅಲೆ ಹಿಂದಿನಿಂದ ಬಂದರೆ ಸ್ವಲ್ಪ ಹೊರಗೆ ಬಿಡಿ, ಇಲ್ಲದಿದ್ದರೆ ಮೂತಿ ಮುಂದಿನ ಅಲೆಗೆ ಹೂತುಕೊಳ್ಳುತ್ತದೆ. ಇನ್ನೊಂದು ಮಾತು. ಟ್ರೇಲರ್‌ಗೆ ಏರಿಸುವಷ್ಟು ಡ್ರೈವ್ ಎತ್ತಿಟ್ಟು ಎಂಜಿನ್‌ಗೆ ಜೋರು ಕೊಡಬೇಡಿ. ತಣ್ಣಗಾಗಿಸಲು ನೀರು ಎಳೆಯುವ ತೂತು ನೀರಿನಿಂದ ಮೇಲೆ ಬಂದರೆ ಎಂಜಿನ್ ಕಾದುಹೋಗುತ್ತದೆ.

ಪೂರ್ತಿ ಒಳಗೆ ತಂದರೂ ಮೂತಿ ಕುಣಿಯುತ್ತಿದ್ದರೆ ತಪ್ಪು ಟ್ರಿಮ್‌ದಲ್ಲ. ತಳದ ಬಿಲ್ಜ್‌ನಲ್ಲಿ ನೀರು ನಿಂತಿದೆಯಾ, ಕೂಲರ್, ಲಂಗರು ಎಲ್ಲ ಹಿಂದೆಯೇ ತುಂಬಿದ್ದೀರಾ ನೋಡಿ. ಬೋಟು ನಿಲ್ಲಿಸಿ ಸ್ವಲ್ಪ ಭಾರವನ್ನು ಮುಂದಕ್ಕೆ ಸರಿಸಿ, ಮತ್ತೆ ಓಡಿಸಿ ನೋಡಿ. ಆಗಲೂ ಹಾಗೇ ಇದ್ದರೆ ಟ್ರಿಮ್ ಟ್ಯಾಬ್ (ಹಿಂಭಾಗದ ಕೆಳಗೆ ಕೂರಿಸಿ ಮೂತಿ ತಗ್ಗಿಸುವ ತಗಡು) ಹಾಕಿಸುವ ಬಗ್ಗೆ ಮೆಕ್ಯಾನಿಕ್ ಹತ್ತಿರ ಕೇಳಿ.